ಕೃತಕ ಕಾಲು: ಗಾಯ ಮಾತ್ರ ಅಳೆದರೆ ಸಾಲದು

ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ ಶುರುವಾದದ್ದು 1944ರಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ. ಈಗ ಅಲ್ಲಿ ನಾಗರಿಕರಿಗೂ ಕೈಕಾಲು ಜೋಡಿಸುತ್ತಾರೆ. ಆದರೆ ಕಾಲೆಂದರೆ ಅಂಗಡಿಗೆ ಹೋಗಿ ಚಪ್ಪಲಿ ಕೊಂಡು ಬಂದಂತಲ್ಲ.

ಕಾಲು ಕತ್ತರಿಸಿದ ಗಾಯ ಮಾಗಿದ ಮೇಲೂ ಉಳಿದ ಭಾಗ, ಅಂದರೆ ಸ್ಟಂಪ್, ಊದಿಕೊಂಡೇ ಇರುತ್ತದೆ. ಅದು ಇಳಿಯಲು ದಿನವೂ ಕ್ರೇಪ್ ಬ್ಯಾಂಡೇಜ್ ಸುತ್ತಬೇಕು. ಹಾಯಾಗಿರಲಿ ಎಂದು ಮನೆಯವರು ಮಂಡಿಯ ಕೆಳಗೆ ದಿಂಬು ಇಡುತ್ತಾರೆ, ಇಡಬಾರದು. ಮಂಡಿ ಮಡಚಿಕೊಂಡೇ ಬಿಗಿದುಕೊಂಡರೆ ಮುಂದೆ ಯಾವ ಕಾಲೂ ಸರಿಯಾಗಿ ಕೂರುವುದಿಲ್ಲ. ಆಮೇಲೆ ಪ್ಲಾಸ್ಟರ್ ಅಚ್ಚು ತೆಗೆದು ಸಾಕೆಟ್ ಮಾಡುತ್ತಾರೆ. ಮಂಡಿಯ ಕೆಳಗೆ ಕತ್ತರಿಸಿದ ಕಾಲಾದರೆ ಮೈಭಾರ ಬೀಳಬೇಕಾದದ್ದು ತುದಿಯ ಮೇಲಲ್ಲ, ಹೆಚ್ಚಾಗಿ ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುಪಟ್ಟಿಯ ಮೇಲೆ. ನಂತರ ಎರಡು ಸರಳುಗಳ ನಡುವೆ ನಡೆಯುವ ಅಭ್ಯಾಸ. ಮಂಡಿಯೇ ಹೋಗಿದ್ದರೆ ನಡಿಗೆಗೆ ಬೇಕಾದ ಶಕ್ತಿ ಬಹಳ ಹೆಚ್ಚು. ಅದಕ್ಕೇ ವೈದ್ಯರು ಮಂಡಿ ಉಳಿಸಲು ಅಷ್ಟು ಹೆಣಗುವುದು.

ಗಾಯಗೊಂಡ ಯೋಧನ ಬೆನ್ನಿಗೆ ಪಿಂಚಣಿ ಇದೆ, ಸೇನಾ ಆಸ್ಪತ್ರೆ ಇದೆ, ಕಸುಬು ಕಲಿಸಲು ಖಡ್ಕಿಯ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಗಡಿಯ ಹಳ್ಳಿಯಲ್ಲಿ ಹುಲ್ಲು ಕೊಯ್ಯಲು ಹೋಗಿ ನೆಲಬಾಂಬ್ ತುಳಿದ ಹೆಂಗಸಿಗೆ ಇಂಥ ದಾರಿ ಸಿದ್ಧವಿರುವುದಿಲ್ಲ. ಅವಳು ಶುರು ಮಾಡಬೇಕಾದದ್ದು ಅಂಗವೈಕಲ್ಯ ಪ್ರಮಾಣಪತ್ರದಿಂದ. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದು, ಆದಾಯ ಮಿತಿಯೊಳಗಿದ್ದರೆ, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕೃತಕ ಅಂಗ ಸಿಗುತ್ತದೆ.

ಅಳತೆ ಕೊಡುವಾಗ ತನ್ನ ದಿನಚರಿಯನ್ನೂ ಅವಳು ಹೇಳಬೇಕು: ಕುಕ್ಕರಗಾಲಲ್ಲಿ ಕೂರುವುದು, ಕೆಸರು ಗದ್ದೆ, ಮನೆಯೊಳಗೆ ಬರಿಗಾಲು. ಬೂಟಿಗೆಂದು ಮಾಡಿದ ಪಾದ ಇದಕ್ಕೆಲ್ಲ ಒಗ್ಗುವುದಿಲ್ಲ. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ 1960ರ ದಶಕದ ಕೊನೆಯಲ್ಲಿ ರೂಪಿಸಿದ ಜೈಪುರ ಪಾದ ಒಗ್ಗುತ್ತದೆ. ಅದು ಅಫ್ಘಾನಿಸ್ತಾನ, ಕಾಂಬೋಡಿಯಾಗಳಿಗೂ ಹೋಗಿದೆ.

ಮೊದಲ ವರ್ಷ ಸ್ಟಂಪ್ ಸೊರಗುತ್ತಲೇ ಇರುತ್ತದೆ, ಸಾಕೆಟ್ ಸಡಿಲವಾಗುತ್ತದೆ. ಸ್ವಲ್ಪ ಸಡಿಲವಾದರೆ ಸ್ಟಂಪಿನ ಮೇಲೆ ಇನ್ನೊಂದು ಕಾಲುಚೀಲ ಸಾಕು. ಹೆಚ್ಚಾದರೆ ಕೇಂದ್ರಕ್ಕೇ ಮರಳಬೇಕು. ಜೊತೆಗೆ ಬರುವವರಿಲ್ಲದೆ, ಬಸ್ಸಿನ ದುಡ್ಡಿಲ್ಲದೆ ಅದೆಷ್ಟೋ ಕಾಲುಗಳು ಮೂಲೆ ಸೇರುವುದು ಇಲ್ಲಿಯೇ. ಹಾಗಾಗಿ ಕಾಲು ಕೊಡಿಸುವ ದಾನಿಗಳು ಎರಡನೇ ಪ್ರಯಾಣದ ಖರ್ಚನ್ನೂ ಮೊದಲೇ ತೆಗೆದಿಡಲಿ. ತೊಡುವವರು ನೆನಪಿಡಬೇಕಾದದ್ದೂ ಒಂದಿದೆ: ಕಾಲು ಬಿಚ್ಚಿದ ಮೇಲೆ ಚರ್ಮದ ಕೆಂಪು ಹತ್ತು-ಹದಿನೈದು ನಿಮಿಷದಲ್ಲಿ ಮಾಯವಾಗದಿದ್ದರೆ, ಕೇಂದ್ರದಲ್ಲಿ ತೋರಿಸುವವರೆಗೆ ಆ ಕಾಲನ್ನು ಮತ್ತೆ ತೊಡಬಾರದು.