ಹೊಸ ಪೈಲ್ವಾನನಿಗೆ ಜೋಡಿ ಯಾರು?

ಕಳೆದ ಬೇಸಗೆಯ ರಜದಲ್ಲಿ ನಮ್ಮ ತಂಗಿಯ ಮಗ ಮೈಸೂರಿನಿಂದ ಚೆನ್ನೈಗೆ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ನಮ್ಮ ಮನೆಯವನಿಗೆ ಹದಿನಾಲ್ಕು. ಹೊರಗೆ ಕತ್ತರಿ ಬಿಸಿಲು. ಮಕ್ಕಳನ್ನು ಕಡಲ ತೀರಕ್ಕೆ ಕಳುಹಿಸುವುದಾದರೂ ಹೇಗೆ? ಇಬ್ಬರೂ ಟೆಲಿವಿಷನ್ನಿನ ಮುಂದೆ ಚಾಪೆ ಹಾಸಿಕೊಂಡು ‘ಸ್ಟ್ರೀಟ್ ಫೈಟರ್’ ಎಂಬ ಆಟಕ್ಕೆ ಕುಳಿತರು. ತೆರೆಯ ಮೇಲೆ ಇಬ್ಬರು ಜಟ್ಟಿಗಳು, ಕೆಳಗೆ ಇಬ್ಬರು ಹುಡುಗರು, ಕೈಯಲ್ಲಿ ಗುಂಡಿಗಳ ಕಂಟ್ರೋಲರ್. ಎದುರಾಳಿಯ ಪ್ರಾಣದ ಪಟ್ಟಿಯನ್ನು ಮೊದಲು ಬರಿದು ಮಾಡಿದವನು ಗೆದ್ದ.

ಮೈಸೂರಿನ ಹುಡುಗ ಒಂಬತ್ತು ಸಲ ಸೋತ. ಒಂಬತ್ತನೆಯದರಲ್ಲಿ ಅವನ ಜಟ್ಟಿಗೆ ಒಂದು ಏಟು ಹೊಡೆಯುವಷ್ಟು ಬಿಡುವೂ ಸಿಗಲಿಲ್ಲ. ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟು, “ಮಾವ, ನನಗೆ ಈ ಆಟ ಬರೋದಿಲ್ಲ” ಎಂದು ಹೇಳಿ ಜಗುಲಿಗೆ ಹೋಗಿ ಕುಳಿತ.

ನಾವು ನಮ್ಮವನನ್ನು ಗದರಿದೆವು. “ಏನಪ್ಪಾ, ಚಿಕ್ಕವನು, ನೆಂಟನಾಗಿ ಬಂದಿದ್ದಾನೆ. ಒಂದಾದರೂ ಬಿಟ್ಟುಕೊಡಬಾರದಿತ್ತೆ?”

“ಬಿಟ್ಟುಕೊಟ್ಟರೆ ಅವನಿಗೆ ಗೊತ್ತಾಗತ್ತೆ, ಅಪ್ಪ. ಆಗ ಇನ್ನೂ ಬೇಜಾರಾಗತ್ತೆ” ಎಂದ.

ಈ ಉತ್ತರ ನಮ್ಮ ಬಾಯಿ ಕಟ್ಟಿತು. ಹುಡುಗ ಹೇಳಿದ್ದು ನಿಜ. ಸುಳ್ಳು ಗೆಲುವು ಉಪಚಾರವಲ್ಲ. ಹಾಗಾದರೆ ಕಾಳಗದ ಆಟಕ್ಕೆ ಹೊಸದಾಗಿ ಬಂದವನನ್ನು ಆದರಿಸುವುದು ಹೇಗೆ?

ಈ ಪ್ರಶ್ನೆಗೆ ನಮ್ಮ ಮೈಸೂರಿನವರೇ ಬಹುಕಾಲದ ಹಿಂದೆ ಒಂದು ಉತ್ತರ ಕಂಡುಕೊಂಡಿದ್ದಾರೆ. ದಸರಾ ಕುಸ್ತಿ ನೋಡಿದವರಿಗೆ ‘ಜೋಡಿ ಕಟ್ಟುವ’ ಕಾರ್ಯಕ್ರಮ ಗೊತ್ತಿರುತ್ತದೆ. ಪಂದ್ಯಗಳಿಗೆ ಕೆಲವು ದಿನ ಮುಂಚೆ ಪೈಲ್ವಾನರೆಲ್ಲ ಒಂದು ಕಡೆ ಸೇರುತ್ತಾರೆ. ಬಲ್ಲವರು ಒಬ್ಬೊಬ್ಬರ ತೂಕ, ಮೈಕಟ್ಟು, ಅನುಭವ ನೋಡಿ, ಸರಿಸಮಾನರಾದ ಇಬ್ಬರನ್ನು ಎದುರುಬದುರು ನಿಲ್ಲಿಸಿ ಕೈ ಕೂಡಿಸುತ್ತಾರೆ. ನಿನ್ನೆ ಮೊನ್ನೆ ಗರಡಿಗೆ ಸೇರಿದವನನ್ನು ಹತ್ತು ವರ್ಷ ಮಟ್ಟಿಯಲ್ಲಿ ಹೊರಳಿದವನ ಮುಂದೆ ಯಾರೂ ತಳ್ಳುವುದಿಲ್ಲ. ಗರಡಿಯ ಒಳಗಾದರೆ ಹಳಬನು ಹೊಸಬನೊಡನೆ ತೊಡಕುವುದುಂಟು. ಆದರೆ ಅದು ಕಲಿಸುವುದಕ್ಕೆ, ಕೆಡವುವುದಕ್ಕಲ್ಲ. ಪಟ್ಟು ಹಾಕುವುದಕ್ಕೆ ಅವಕಾಶ ಕೊಟ್ಟು, ತಪ್ಪಿದಲ್ಲಿ ತೋರಿಸಿಕೊಡುತ್ತಾನೆ.

ತೆರೆಯ ಮೇಲಿನ ಕುಸ್ತಿಗೆ ಬಹುಕಾಲ ಇಂಥ ಏರ್ಪಾಡಿರಲಿಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ನ್ನು ಹೊರತಂದಾಗ ಅದು ಕಾಸು ಹಾಕಿ ಆಡುವ ಯಂತ್ರ. ಗೆದ್ದವನು ಅಲ್ಲೇ ನಿಲ್ಲುತ್ತಾನೆ. ಸೋತವನು ಇನ್ನೊಂದು ಕಾಸು ತೆಗೆಯಬೇಕು, ಇಲ್ಲವೆ ಜಾಗ ಬಿಡಬೇಕು. ನಮ್ಮ ಚೆನ್ನೈಯಲ್ಲೂ ಇದೇ ನಿಯಮದ ಒಂದು ಪ್ರಸಿದ್ಧ ಪಾಠಶಾಲೆ ಇತ್ತು. ಸೋವಿಯೆತ್ ಸಾಂಸ್ಕೃತಿಕ ಕೇಂದ್ರದ ತಾಲ್ ಚೆಸ್ ಕ್ಲಬ್ಬಿನಲ್ಲಿ ಮಿಂಚಿನ ಆಟವಾಡುವಾಗ ಗೆದ್ದವನು ಕುಳಿತೇ ಇರುವನು, ಸೋತವನು ಎದ್ದು ಸಾಲಿನ ಕೊನೆಗೆ ಹೋಗುವನು. ಆ ಕ್ಲಬ್ಬಿನಲ್ಲಿ ಪಳಗಿದ ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆದ್ದರಿಂದ ನಿಯಮ ಕೆಟ್ಟದ್ದೆಂದು ನಾವು ಹೇಳಲಾರೆವು. ಆದರೆ ಒಂದು ಮಾತು ಯೋಚಿಸಬೇಕು: ಈ ಪದ್ಧತಿಯಲ್ಲಿ ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವನಿಗೇ ಆಟ ಕಡಿಮೆ. ಆನಂದರಂಥವರು ಸಾಲಿನಲ್ಲಿ ಕಾದು ಮತ್ತೆ ಬಂದಾರು. ಉಳಿದವರಲ್ಲಿ ಎಷ್ಟು ಮಂದಿ ಬಸ್ಸು ಹತ್ತಿ ಮನೆಗೆ ಹೋದರೋ ಲೆಕ್ಕವಿಟ್ಟವರಿಲ್ಲ.

2023ರ ಜೂನ್‌ನಲ್ಲಿ ಬಂದ ‘ಸ್ಟ್ರೀಟ್ ಫೈಟರ್ 6’ರಲ್ಲಿ ಈ ಕಷ್ಟಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು ಜೋಡಿ ಕಟ್ಟುವುದೇ! ದೂರದೂರದ ಆಟಗಾರರನ್ನು ಯಂತ್ರ ಹೊಸಬ, ಕಬ್ಬಿಣ, ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆಗಳಾಗಿ ವಿಂಗಡಿಸಿ, ಸಮಾನರನ್ನು ಕೂಡಿಸುತ್ತದೆ. ಎರಡನೆಯದು ಸುಲಭದ ಗುಂಡಿ. ಹಿಂದೆ ಒಂದು ವಿಶೇಷ ಪೆಟ್ಟಿಗೆ ಹಿಡಿಯನ್ನು ಕೆಳಗೆ, ಓರೆಗೆ, ಮುಂದಕ್ಕೆ ಹೊರಳಿಸಿ ಅದೇ ಕ್ಷಣದಲ್ಲಿ ಗುಂಡಿ ಒತ್ತಬೇಕಿತ್ತು. ಈಗ ‘ಮಾಡರ್ನ್’ ಎಂಬ ಪದ್ಧತಿಯನ್ನು ಆರಿಸಿಕೊಂಡರೆ ಒಂದೇ ಗುಂಡಿಗೆ ಆ ಪೆಟ್ಟು ಬರುತ್ತದೆ. ಆದರೆ ಪುಕ್ಕಟೆಯಲ್ಲ: ಹಾಗೆ ಬಂದ ವಿಶೇಷ ಪೆಟ್ಟಿನ ಬಲ ಐದರಲ್ಲಿ ನಾಲ್ಕು ಪಾಲು ಮಾತ್ರ.

ಇದು ಊರುಗೋಲು ಹಿಡಿದು ಓಡಿದ ಹಾಗೆ ಎಂದು ಕೆಲವು ಹಳಬರು ಮೂಗು ಮುರಿದರು. ನಮಗೆ ಹಾಗೆ ತೋರುವುದಿಲ್ಲ. ಈ ಆಟದ ತಿರುಳು ಬೆರಳಿನ ಚಳಕದಲ್ಲಷ್ಟೇ ಇಲ್ಲ. ಹೊಡೆತವನ್ನು ತಡೆ ನಿಲ್ಲಿಸುತ್ತದೆ. ತಡೆದು ನಿಂತವನನ್ನು ಹಿಡಿದು ಎಸೆಯಬಹುದು. ಹಿಡಿಯಲು ಬಂದವನಿಗೆ ಹೊಡೆತ ಬೀಳುತ್ತದೆ. ಈ ಮೂರರಲ್ಲಿ ಎದುರಿನವನು ಯಾವುದನ್ನು ಮಾಡಿಯಾನು ಎಂದು ಊಹಿಸುವುದೇ ಆಟ. ಬೆರಳಿಗೆ ಬಾರದ ತಿರುವಿನಿಂದಾಗಿ ಹೊಸಬನು ಆ ಊಹೆಯ ಸೊಗಸನ್ನೇ ಕಾಣದೆ ಹಿಂದಿರುಗಿದರೆ ನಷ್ಟ ಆಟಕ್ಕೇ. ಬಾಗಿಲು ತಗ್ಗಾಗಿದೆಯೆಂದು ಮನೆಯೊಳಗಿನ ಕಂಬ ಕುಳ್ಳಾಗುವುದಿಲ್ಲ.

ಇಷ್ಟೆಲ್ಲ ಯಂತ್ರ ಮಾಡಿದರೂ ಯಂತ್ರದ ಕೈಲಾಗದ್ದು ಒಂದಿದೆ. ಸೋತವನಿಗೆ ಏಕೆ ಸೋತೆ ಎಂದು ಸ್ನೇಹದಿಂದ ಹೇಳುವವರು ಬೇಕು. ಈ ಆಟಗಳ ಅತಿ ದೊಡ್ಡ ಕೂಟಗಳಲ್ಲೊಂದು ಅಮೆರಿಕದ ‘ಇವೊ’. 1996ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸುಮಾರು 40 ಮಂದಿಯಿಂದ ಆರಂಭವಾದದ್ದು. 2023ರಲ್ಲಿ ‘ಸ್ಟ್ರೀಟ್ ಫೈಟರ್ 6’ ಒಂದಕ್ಕೇ 7,000ಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಎರಡು ಸಲ ಸೋತವನು ಸ್ಪರ್ಧೆಯಿಂದ ಹೊರಗೆ. ಆದರೆ ಕೂಟದಿಂದ ಹೊರಗಲ್ಲ. ಪಕ್ಕದಲ್ಲೇ ಬರಿಯ ಸಂತೋಷಕ್ಕೆ ಆಡುವ ಮೇಜುಗಳಿರುತ್ತವೆ. ಯಾರು ಬೇಕಾದರೂ ಯಾರ ಪಕ್ಕದಲ್ಲಾದರೂ ಕುಳಿತು ಆಡಬಹುದು, ಕೇಳಬಹುದು. ವಯಸ್ಸಿನ ಅಡ್ಡಿಯೂ ಇಲ್ಲ: 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದರ ಹಿಂದಿನ ಆವೃತ್ತಿ ಪದಕದ ಸ್ಪರ್ಧೆಯಾಗಿತ್ತು, ಚಿನ್ನ ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ನಮ್ಮ ವಾಚಕರಲ್ಲಿ ಅನೇಕ ತಂದೆಯರಿಗೆ ಇದು ಸಮಾಧಾನದ ಸುದ್ದಿಯಾದೀತು!

ಸಂಘಗಳ ವಾರ್ಷಿಕೋತ್ಸವದಲ್ಲಿ ಕೇರಂ, ಚದುರಂಗಗಳ ಜೊತೆ ಇಂಥದೊಂದು ಆಟವನ್ನೂ ಇಡಬೇಕೆಂದು ತರುಣರು ಕೇಳುತ್ತಿದ್ದಾರೆ. ಇಡೋಣ. ಆದರೆ ಹದಿನಾರು ಮಕ್ಕಳು ಬಂದು, ಸೋತವರು ಹೊರಗೆ ಎಂಬ ನಿಯಮವಿಟ್ಟರೆ ಎಂಟು ಮಕ್ಕಳಿಗೆ ಒಂದೇ ಆಟ. ಐದು ನಿಮಿಷ ಆಡುವುದಕ್ಕೆ ತಾಂಬರಮ್‌ನಿಂದ ಯಾರು ಬಂದಾರು? ಅದರ ಬದಲು ನಾಲ್ಕು ನಾಲ್ಕು ಮಂದಿಯ ನಾಲ್ಕು ಗುಂಪು ಮಾಡಿ, ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಲಿ. ಒಬ್ಬೊಬ್ಬರಿಗೆ ಮೂರು ಆಟ ಖಂಡಿತ. ಒಟ್ಟು 24 ಆಟ. ಐದೈದು ನಿಮಿಷದಂತೆ ಎರಡು ಟೆಲಿವಿಷನ್ ಇದ್ದರೆ ಒಂದು ಗಂಟೆಯ ಕೆಲಸ. ಗುಂಪು ಮಾಡುವಾಗ ಹೊಸಬರನ್ನು ಹೊಸಬರೊಡನೆ ಸೇರಿಸಿ ಜೋಡಿ ಕಟ್ಟೋಣ. ಮೂಲೆಯಲ್ಲಿ ಒಂದು ಮೇಜು ಕಲಿಯುವವರಿಗೆಂದೇ ಇರಲಿ. ಪಳಗಿದ ಹುಡುಗನೋ ಹುಡುಗಿಯೋ ಅಲ್ಲಿ ಉಸ್ತಾದರಾಗಿ ಕೂರಲಿ.

ಇದನ್ನು ಬರೆಯುತ್ತಿರುವಾಗ ಇನ್ನೊಂದು ಚಿತ್ರ ಕಣ್ಣ ಮುಂದೆ ಬಂತು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಸಂಘಕ್ಕೆ ಬಂದು, ತಮಿಳು ಬೆರೆತ ಹರಕು ಕನ್ನಡದಲ್ಲಿ ಒಂದು ವಾಕ್ಯ ಆಡುತ್ತಾರೆ. ದೊಡ್ಡವರು ನಗುತ್ತಾರೆ. ಕೇಡಿನ ನಗೆಯಲ್ಲ, ಸರಿಯೆ. ಆದರೆ ಆ ಮಗು ಮುಂದಿನ ಸಲ ಬಾಯಿ ತೆರೆಯುವುದಿಲ್ಲ. ಅದರ ಮುಂದಿನ ಸಲ ಬರುವುದೇ ಇಲ್ಲ. ನಮ್ಮವನನ್ನು ಗದರಿದ ನಾವೂ ಹೀಗೆ ನಕ್ಕವರೇ.

ಅಂದು ಸಂಜೆ ನಮ್ಮವನು ಜಗುಲಿಗೆ ಹೋಗಿ ತಮ್ಮನ ಪಕ್ಕದಲ್ಲಿ ಕುಳಿತ. “ನಾನು ಹಾರಿ ಬರೋದನ್ನು ಮಾತ್ರ ನೋಡು. ಹಾರಿದ ತಕ್ಷಣ ಹಿಂದಕ್ಕೆ ಒತ್ತಿ ಹಿಡಿ, ತಡೆಯಾಗತ್ತೆ. ಇವತ್ತಿಗೆ ಅಷ್ಟೇ ಕಲಿ” ಎಂದ. ಇಬ್ಬರೂ ಒಳಗೆ ಬಂದರು. ಹತ್ತನೆಯ ಆಟದಲ್ಲೂ ಮೈಸೂರಿನವನು ಸೋತ. ಆದರೆ ನಾಲ್ಕು ಏಟು ತಡೆದಿದ್ದ, ಎರಡು ಕೊಟ್ಟಿದ್ದ. ಊಟಕ್ಕೆ ಎಲೆ ಹಾಕಿ ಕರೆದರೆ, ತೆರೆಯಿಂದ ಕಣ್ಣು ಕೀಳದೆ, “ಇನ್ನೊಂದೇ ಒಂದು, ಅತ್ತೆ” ಎಂದ.