ಉರಿಯೊಳಗಿನ ಕಾವನ್ನು ಅಳೆಯುವ ಬಗೆ

ದಾವಣಗೆರೆಯ ಬೆಣ್ಣೆದೋಸೆಯ ಅಂಗಡಿಗಳಲ್ಲಿ ಕಾವಲಿಯ ಕಾವನ್ನು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೀರು ಚುಂಯ್‌ಗುಟ್ಟಿದ ಬಗೆಯನ್ನು ನೋಡಿ ಒಲೆಯ ಸೌದೆಯನ್ನು ಹಿಂದಕ್ಕೆಳೆಯುತ್ತಾರೆ, ಇಲ್ಲವೆ ಮುಂದಕ್ಕೆ ನೂಕುತ್ತಾರೆ. ಕಾವನ್ನು ಅರಿಯುವುದು, ಅರಿತು ಉರಿಯನ್ನು ಹದಗೊಳಿಸುವುದು: ಜೆಟ್ ವಿಮಾನದ ಎಂಜಿನಿನಲ್ಲಿಯೂ ನಡೆಯಬೇಕಾದುದು ಇದೇ. ಹಾಗೆ ಅರಿಯುವ ಉಪಕರಣಗಳಿಗೆ ಸಂವೇದಕಗಳೆಂದು ಹೆಸರು.

ಇಂದಿನ ದೊಡ್ಡ ಎಂಜಿನುಗಳಲ್ಲಿ ಟರ್ಬೈನನ್ನು ಹೊಗುವ ಅನಿಲದ ಉಷ್ಣತೆ 1,500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಟರ್ಬೈನಿನ ಅಲಗುಗಳ ನಿಕಲ್ ಮಿಶ್ರಲೋಹವಾದರೋ ಅದಕ್ಕೂ ಕಡಮೆ ಉಷ್ಣತೆಯಲ್ಲಿ ಕರಗತಕ್ಕದ್ದು! ಅಲಗುಗಳ ಒಳಗೆ ಗಾಳಿಯನ್ನು ಹಾಯಿಸಿ ಅವನ್ನು ಕಾಪಾಡುತ್ತಾರೆ. ಆದರೂ ಲೋಹವು ಹತ್ತು ಹದಿನೈದು ಡಿಗ್ರಿ ಹೆಚ್ಚಾಗಿ ಕಾದರೆ ಅಲಗಿನ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರರ ಸ್ಥೂಲ ಲೆಕ್ಕ. ಕಾವನ್ನು ತಗ್ಗಿಸಿದರೆ ನೂಕುಬಲವೂ ತಗ್ಗುತ್ತದೆ. ಆದುದರಿಂದ ಅಳತೆ ತಪ್ಪುವಂತಿಲ್ಲ.

ಪಾದರಸದ ಉಷ್ಣಮಾಪಕ ಇಲ್ಲಿ ನಿರುಪಯೋಗಿ. 357 ಡಿಗ್ರಿಗೆ ಪಾದರಸವೇ ಕುದಿಯುತ್ತದೆ. ಕೈಹಿಡಿಯುವುದು 1821ರಲ್ಲಿ ಸೀಬೆಕ್ ಕಂಡುಹಿಡಿದ ತತ್ತ್ವ. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಎರಡು ತುದಿಗಳಲ್ಲಿಯೂ ಬೆಸೆದು, ಒಂದು ಸಂಧಿಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ವಿದ್ಯುತ್ತು ಹರಿಯುತ್ತದೆ. ಇದೇ ಉಷ್ಣಯುಗ್ಮ. ಪ್ರಯೋಗಶಾಲೆಯಲ್ಲಿ ತಾಮ್ರ ಮತ್ತು ಕಬ್ಬಿಣದ ತಂತಿಗಳಿಂದ ನಾವು ಮಾಡುವ ಪ್ರಯೋಗವನ್ನೇ ವಿಮಾನದಲ್ಲಿ ಕ್ರೋಮೆಲ್ ಮತ್ತು ಅಲ್ಯುಮೆಲ್ ಎಂಬ ನಿಕಲ್ ಮಿಶ್ರಲೋಹಗಳು ನಡೆಸುತ್ತವೆ. ತಣ್ಣನೆಯ ಸಂಧಿ ಸೊನ್ನೆ ಡಿಗ್ರಿಯಲ್ಲಿಯೂ ಬಿಸಿಯದು 600 ಡಿಗ್ರಿಯಲ್ಲಿಯೂ ಇದ್ದರೆ ಸುಮಾರು 25 ಮಿಲಿವೋಲ್ಟು ದೊರೆಯುತ್ತದೆ. ಟಾರ್ಚಿನ ಒಂದು ಸೆಲ್ಲಿನ ಅರುವತ್ತರಲ್ಲೊಂದು ಪಾಲು.

ಅತಿ ಬಿಸಿಯಾದ ಸ್ಥಳದಲ್ಲಿ ಈ ತಂತಿಗಳೂ ಬಾಳಲಾರವು. ಆದುದರಿಂದ, ಅನಿಲವು ಟರ್ಬೈನನ್ನು ತಿರುಗಿಸಿ ಅಷ್ಟಿಷ್ಟು ತಣಿದ ಮೇಲೆ, ಅದರ ಹಾದಿಯಲ್ಲಿ ಹಲವು ಉಷ್ಣಯುಗ್ಮಗಳನ್ನು ಬಳೆಯಾಕಾರವಾಗಿ ನಿಲ್ಲಿಸಿ ಸರಾಸರಿಯನ್ನು ಪಡೆಯುತ್ತಾರೆ. ಮುಂದಿನ ಭಾಗದ ಉಷ್ಣತೆಯನ್ನು ಗಣಿತದಿಂದ ತಿಳಿಯಬೇಕು.

ವೇಗವನ್ನು ಅಳೆಯುವುದು ಇದಕ್ಕಿಂತ ಸುಲಭ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳೊಳಗಿನ ಹಲ್ಲುಚಕ್ರವನ್ನು ನೆನೆಯೋಣ. ಅಂತಹದೊಂದು ಉಕ್ಕಿನ ಚಕ್ರವು ಎಂಜಿನಿನ ದಂಡದೊಡನೆ ತಿರುಗುತ್ತದೆ. ಎದುರಿಗೆ ತಂತಿ ಸುತ್ತಿದ ಅಯಸ್ಕಾಂತ. ಹಲ್ಲೊಂದು ಹಾದಾಗಲೆಲ್ಲ ತಂತಿಯಲ್ಲಿ ವಿದ್ಯುತ್ತಿನ ಒಂದು ಮಿಡಿತ. ಹಲ್ಲುಗಳು 60 ಇದ್ದರೆ, ಸೆಕೆಂಡಿಗೆ ಬರುವ ಮಿಡಿತಗಳ ಸಂಖ್ಯೆಯೇ ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಮಂಜೂರಾದ 'ಕಾವೇರಿ' ಎಂಜಿನಿನಲ್ಲಿ ಇಂತಹ ಸೂಚನೆಗಳನ್ನು ಓದಿ ಇಂಧನವನ್ನು ಅಳೆದುಕೊಡುವ ಹೊಣೆ ಗಣಕಯಂತ್ರದ್ದು. ಇಂಧನ ಒಮ್ಮೆಲೇ ಹೆಚ್ಚಿದರೆ ದಂಡದ ವೇಗ ಏರುವ ಮೊದಲೇ ಕಾವು ಏರಿಬಿಡುತ್ತದೆ. ಪೈಲಟನು ಹಿಡಿಯನ್ನು ಥಟ್ಟನೆ ಮುಂದೊತ್ತಿದರೂ ಗಣಕವು ಇಂಧನವನ್ನು ಅಳತೆವರಿದು ಸ್ವಲ್ಪಸ್ವಲ್ಪವಾಗಿಯೇ ಬಿಡುತ್ತದೆ.