ಸರಕಾರದ ಶಬ್ದಗಳೂ ಗಡಿನಾಡಿನ ಮಕ್ಕಳೂ

ಗಡಿನಾಡಿನ ಕನ್ನಡ ಶಾಲೆಯಲ್ಲಿ ಇಂಗ್ಲಿಷು ಕಲಿಸುವವನಿಗೆ ಒಂದು ವಿಶೇಷ ತೊಡಕುಂಟು. ಒಳನಾಡಿನ ಉಪಾಧ್ಯಾಯರಿಗೆ ಅದರ ಪರಿಚಯ ಇರಲಾರದು. ಕೆಲವು ವರ್ಷಗಳ ಹಿಂದೆ ಕಾಸರಗೋಡು ಕಡೆಯ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ಇಂಗ್ಲಿಷು ಪ್ರಬಂಧವನ್ನು ತಿದ್ದುತ್ತಿದ್ದೆ. ವಿಷಯ, ಪಂಚಾಯತು ಚುನಾವಣೆ. ಊರಿನಲ್ಲಿ ಐದು ‘ನ್ಯಾಷನಲ್ ಪಾರ್ಟಿ’ಗಳು ಸ್ಪರ್ಧಿಸಿದುವೆಂದು ಅವನು ಬರೆದಿದ್ದ. ನಾನು ಕೆಂಪು ಗೆರೆ ಎಳೆದೆ. ಹುಡುಗ ಪುಸ್ತಕ ಹಿಡಿದುಕೊಂಡು ಬಂದು, “ಮಾಸ್ಟ್ರೇ, ಮಲಯಾಳ ಪೇಪರಿನಲ್ಲಿ ರಾಷ್ಟ್ರೀಯ ಪಾರ್ಟಿಗಳು ಅಂತಲೇ ಉಂಟು. ರಾಷ್ಟ್ರೀಯ ಅಂದರೆ ನ್ಯಾಷನಲ್ ಅಂತ ನೀವೇ ಹೇಳಿಕೊಟ್ಟದ್ದಲ್ವಾ?” ಎಂದು ಕೇಳಿದ.

ವಿಚಾರಿಸಿ ನೋಡಿದರೆ ತಪ್ಪು ಹುಡುಗನದಲ್ಲ. ಮಲಯಾಳದಲ್ಲಿ ‘ರಾಷ್ಟ್ರೀಯಂ’ ಎಂದರೆ ರಾಜಕೀಯ. ಕನ್ನಡದಲ್ಲಿ ‘ರಾಷ್ಟ್ರೀಯ’ ಎಂದರೆ ರಾಷ್ಟ್ರಕ್ಕೆ ಸಂಬಂಧಿಸಿದ್ದು. ಅಲ್ಲಿಂದ ಶಬ್ದವನ್ನೂ ಇಲ್ಲಿಂದ ಅರ್ಥವನ್ನೂ ತೆಗೆದುಕೊಂಡು ಅವನು ಇಂಗ್ಲಿಷಿಗೆ ದಾಟಿಸಿದ್ದ. ಅವನು ಬರೆಯಬೇಕಾಗಿದ್ದುದು ‘ಪೊಲಿಟಿಕಲ್ ಪಾರ್ಟಿ’. ‘ನ್ಯಾಷನಲ್ ಪಾರ್ಟಿ’ ಎಂಬುದಾದರೋ, 1968ರ ಚುನಾವಣಾ ಚಿಹ್ನೆಗಳ ಆದೇಶದಂತೆ ಚುನಾವಣಾ ಆಯೋಗವು ಕೆಲವೇ ಪಕ್ಷಗಳಿಗೆ ಕೊಡುವ ಮನ್ನಣೆ. ಊರಿನ ಪಕ್ಷಗಳಿಗೆಲ್ಲ ಆ ಹೆಸರು ಸಲ್ಲದು.

ಅಂದಿನಿಂದ ಇಂಥ ಶಬ್ದಗಳನ್ನು ಗುರುತು ಹಾಕಿಕೊಳ್ಳುತ್ತ ಬಂದೆ. 1956ರ ನವೆಂಬರ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರಿಗೆ ಸರಕಾರದ ಮಾತು ಮಲಯಾಳದಲ್ಲಿ, ಪಾಠದ ಮಾತು ಕನ್ನಡದಲ್ಲಿ. ಎರಡೂ ಸಂಸ್ಕೃತದಿಂದಲೇ ಶಬ್ದಗಳನ್ನು ಪಡೆದಿವೆ. ಆದರೆ ಒಂದೇ ಶಬ್ದಕ್ಕೆ ಬೇರೆ ಬೇರೆ ಕೆಲಸ ಕೊಟ್ಟಿವೆ. ಕನ್ನಡದ ‘ರಾಜ್ಯ’ ಕೇರಳ, ಕರ್ನಾಟಕಗಳಂಥದು. ಮಲಯಾಳದ ‘ರಾಜ್ಯಂ’ ಇಡೀ ದೇಶ. ಮಲಯಾಳದಲ್ಲಿ ಕೇರಳವು ‘ಸಂಸ್ಥಾನಂ’. ಕನ್ನಡಿಗನಿಗೆ ಸಂಸ್ಥಾನವೆಂದೊಡನೆ ಮೈಸೂರಿನ ಅರಸರು ನೆನಪಾಗುತ್ತಾರೆ. ಮಲಯಾಳದ ‘ನೀತಿ’ ನ್ಯಾಯವಾದರೆ, ಕನ್ನಡದಲ್ಲಿ ಸರಕಾರದ ನೀತಿಯೆಂದರೆ ಅದು ಹಿಡಿದ ಧೋರಣೆ. ಪೂರ್ತಿ ಅಪರಿಚಿತವಾದ ಶಬ್ದ ಬಂದರೆ ಮಗು ಅರ್ಥ ಕೇಳುತ್ತದೆ. ಪರಿಚಿತವಾದ ಶಬ್ದ ಬಂದಾಗ ಕೇಳುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಇಲ್ಲಿ ಇಂಗ್ಲಿಷು ನಮಗೆ ಒಂದು ಉಪಕಾರ ಮಾಡಬಲ್ಲದು. ಎರಡು ಭಾಷೆಗಳ ನಡುವೆ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಆದರೆ ಮೊದಲು ಅಳತೆಗೋಲಿನ ಗೆರೆಗಳು ಸ್ಪಷ್ಟವಾಗಿರಬೇಕು.

‘ಸ್ಟೇಟ್’ ಎಂಬುದನ್ನೇ ನೋಡೋಣ. ನಮ್ಮ ಸಂವಿಧಾನದ ಮೊದಲನೆಯ ಅನುಚ್ಛೇದದಲ್ಲಿ ಅದರ ಅರ್ಥ ಒಕ್ಕೂಟಕ್ಕೆ ಸೇರಿದ ರಾಜ್ಯ. ಹನ್ನೆರಡನೆಯ ಅನುಚ್ಛೇದದಲ್ಲಿ ಅದೇ ಶಬ್ದದ ವ್ಯಾಪ್ತಿಗೆ ಕೇಂದ್ರ ಮತ್ತು ರಾಜ್ಯಗಳ ಸರಕಾರಗಳು, ಶಾಸಕಾಂಗಗಳು, ಪಂಚಾಯತಿನಂಥ ಸ್ಥಳೀಯ ಅಧಿಕಾರಸ್ಥಾನಗಳು ಎಲ್ಲವೂ ಬರುತ್ತವೆ. ಇದನ್ನು ಕನ್ನಡದಲ್ಲಿ ‘ಪ್ರಭುತ್ವ’ ಎನ್ನುವುದುಂಟು. ನಮ್ಮ ಮೂಲಭೂತ ಹಕ್ಕುಗಳನ್ನು ಮುಖ್ಯವಾಗಿ ಇದರ ಎದುರಿಗೇ ಸಾಧಿಸಿಕೊಳ್ಳಬೇಕು. ‘ಗವರ್ನಮೆಂಟ್’ ಇದಕ್ಕಿಂತ ಚಿಕ್ಕದು. ಹಡಗಿನ ಚುಕ್ಕಾಣಿ ಹಿಡಿಯುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಅದು ಬಂದಿದೆ. ಚುನಾವಣೆಯಲ್ಲಿ ಚುಕ್ಕಾಣಿ ಹಿಡಿದವರು ಬದಲಾಗುತ್ತಾರೆ, ಹಡಗು ಬದಲಾಗುವುದಿಲ್ಲ. ಈ ಭೇದವನ್ನು ಅರಿತ ಮಗು, ಸರಕಾರವನ್ನು ಟೀಕಿಸಿದವನನ್ನು ದೇಶದ್ರೋಹಿಯೆಂದು ಕರೆಯಲಾರದು.

ಇನ್ನೊಂದು ಜೋಡಿ, ‘ಆಕ್ಟ್’ ಮತ್ತು ‘ರೂಲ್’. ಕೇರಳದ ಉಪಾಧ್ಯಾಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ನಮ್ಮ ನೇಮಕ, ಬಡ್ತಿ, ರಜೆಗಳನ್ನು ಕುರಿತು ಮಾತು ಬಂದಾಗಲೆಲ್ಲ ನಾವು ಕೆ.ಇ.ಆರ್. ಎನ್ನುತ್ತೇವಷ್ಟೆ. ಕೇರಳ ಶಿಕ್ಷಣ ಕಾಯಿದೆ 1958ರದು. ಅದನ್ನು ಮಾಡಿದುದು ಶಾಸನಸಭೆ. ಕೆ.ಇ.ಆರ್. ಎಂಬ ನಿಯಮಗಳು 1959ರವು. ಕಾಯಿದೆ ಕೊಟ್ಟ ಅಧಿಕಾರದಂತೆ ಅವನ್ನು ಮಾಡಿದುದು ಸರಕಾರ. ಮಲಯಾಳದಲ್ಲಿ ಕಾಯಿದೆಗೆ ‘ನಿಯಮಂ’ ಎಂದೂ ನಮ್ಮ ನಿಯಮಕ್ಕೆ ‘ಚಟ್ಟಂ’ ಎಂದೂ ಹೆಸರು. ಶಾಸನಸಭೆ ಅಲ್ಲಿ ‘ನಿಯಮಸಭಾ’ ಆದುದು ಇದರಿಂದಲೇ. ಕಾಯಿದೆಯನ್ನು ಬದಲಿಸಲು ಶಾಸನಸಭೆಯಲ್ಲಿ ಮಸೂದೆ ಬರಬೇಕು. ನಿಯಮವನ್ನು ಬದಲಿಸಲು ಸರಕಾರದ ಅಧಿಸೂಚನೆ ಸಾಕು. ಯಾರ ಬಾಗಿಲು ತಟ್ಟಬೇಕೆಂಬುದು ಈ ಭೇದದ ಮೇಲೆ ನಿಂತಿದೆ.

ಮಕ್ಕಳಿಗೆ ರುಚಿ ಹುಟ್ಟಿಸುವುದಕ್ಕೆ ಶಬ್ದಗಳ ಹುಟ್ಟನ್ನೂ ಹೇಳಬಹುದು. ‘ಮಿನಿಸ್ಟರ್’ ಎಂದರೆ ಲ್ಯಾಟಿನಿನಲ್ಲಿ ಸೇವಕ. ‘ವೋಟ್’ ಎಂಬುದರ ಮೂಲದಲ್ಲಿ ಹರಕೆಯ ಅರ್ಥವಿದೆ. ‘ಬ್ಯಾಲಟ್’ ಎಂದರೆ ಮೊದಲು ಇಟಲಿಯಲ್ಲಿ ಮತ ಹಾಕಲು ಬಳಸುತ್ತಿದ್ದ ಸಣ್ಣ ಗುಂಡು. ರೋಮಿನಲ್ಲಿ ಅಧಿಕಾರಸ್ಥಾನವನ್ನು ಬಯಸಿದವನು ಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ ಮೇಲುಡುಗೆ ತೊಡುತ್ತಿದ್ದುದರಿಂದ ‘ಕ್ಯಾಂಡಿಡೇಟ್’ ಆದ. ಇದನ್ನು ಹೇಳಿದಾಗ ನಮ್ಮ ತರಗತಿಯಲ್ಲಿ ನಗು ಎದ್ದಿತು. ನಮ್ಮ ಅಭ್ಯರ್ಥಿಗಳ ಬಿಳಿ ಅಂಗಿ, ಬಿಳಿ ಪಂಚೆಗಳನ್ನು ಅವರೂ ಕಂಡವರೇ.

ನಾನು ಅನುಸರಿಸುವ ಕ್ರಮ ಸರಳ. ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಸುತ್ತೇನೆ. ಮೊದಲು ಇಂಗ್ಲಿಷು ಶಬ್ದ. ಆಮೇಲೆ ಅದು ಯಾರು, ಏನು ಮಾಡುತ್ತದೆ ಎಂಬುದನ್ನು ಮಗುವಿನ ಮಾತಿನಲ್ಲೇ ತಿಳಿಸುವ ಒಂದು ವಾಕ್ಯ. ಬಳಿಕ ಕನ್ನಡ ಶಬ್ದ. ಕೊನೆಗೆ ಮಲಯಾಳ ಶಬ್ದ. ಎರಡನೆಯ ಸಾಲು ತುಂಬದೆ ಮುಂದೆ ಹೋಗಕೂಡದು. ಅರ್ಥ ನಡುವೆ ನಿಂತರೆ ಶಬ್ದಗಳು ಒಂದರ ಮೇಲೊಂದು ಬೀಳುವುದಿಲ್ಲ. ಹೊಸೂರಿನಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಮಡಕಶಿರೆಯಲ್ಲಿ ತೆಲುಗು ನಾಲ್ಕನೆಯ ಸಾಲಿಗೆ ಬರಬಹುದು. ತೆಲುಗಿನಲ್ಲಿ ‘ಪ್ರಭುತ್ವಂ’ ಎಂದರೆ ಸರಕಾರವೇ ಎಂಬುದು ಅಲ್ಲಿಯ ಮಿತ್ರರಿಗೆ ಗೊತ್ತು.

ಇದು ಕೇವಲ ಪರೀಕ್ಷೆಯ ಅಂಕದ ಮಾತಲ್ಲ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ಆ ಹಕ್ಕಿನಿಂದ ಪ್ರಯೋಜನವಾಗಬೇಕಾದರೆ, ತಾನು ಕೇಳುತ್ತಿರುವುದು ಕಾಯಿದೆಯನ್ನೋ ನಿಯಮವನ್ನೋ, ತನಗೆ ಬೇಕಾದುದು ನ್ಯಾಯವೋ ನೀತಿಯ ಬದಲಾವಣೆಯೋ ಎಂದು ಬರೆಯುವವನಿಗೆ ತಿಳಿದಿರಬೇಕು. ಎಣಿಕೆಯಲ್ಲಿ ಕಡಮೆಯಿರುವವರ ಮಾತು ಸ್ಪಷ್ಟವಾಗಿರಬೇಕಾದ ಅಗತ್ಯ ಹೆಚ್ಚು.

ಅಂದು ಹುಡುಗನ ಪುಸ್ತಕದಲ್ಲಿ ‘ಪೊಲಿಟಿಕಲ್’ ಎಂದು ಬರೆದು, ಕಳೆದ ಅಂಕವನ್ನು ಹಿಂದಕ್ಕೆ ಕೊಟ್ಟೆ. ಕಲಿಸದೆ ಬಿಟ್ಟವನು ನಾನು. ಸಹೋದ್ಯೋಗಿ ಬಂಧುಗಳು ಇಂಥ ಇನ್ನಷ್ಟು ಶಬ್ದಗಳನ್ನು ತಮ್ಮ ತರಗತಿಗಳಿಂದ ಕೂಡಿಸಿಕೊಟ್ಟರೆ, ನಮ್ಮ ಮಕ್ಕಳ ಕೈಗೆ ಒಂದು ಪುಟ್ಟ ಪದಕೋಶವನ್ನು ಇಡಬಹುದು.